ಚನ್ನಬಸಮ್ಮನ ಎಡಗಣ್ಣು

ದೇವನೂರಿನಿಂದ ಬಂದು ನಂಜನಗೂಡಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ನಟರಾಜ್‌ಗೆ ತನ್ನದೇ ಒಂದು ಕಟ್ಟಳೆಯಿತ್ತು: ಮೊಡವೆ ಅಳಿಸಬಹುದು, ಮಚ್ಚೆ ಮುಟ್ಟಬಾರದು. ಮೊಡವೆ ನಾಲ್ಕು ದಿನ ಇದ್ದು ಹೋಗುವ ನೆಂಟ, ಮಚ್ಚೆ ಮನೆಯವನು ಅನ್ನುತ್ತಿದ್ದ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದ ಕಾಲಕ್ಕೆ ಇದು ಸಲೀಸಾಗಿ ನಡೆಯಿತು. ಅಷ್ಟು ಸಣ್ಣ ಜಾಗದಲ್ಲಿ ಅದಕ್ಕಿಂತ ಹೆಚ್ಚಿಗೆ ಮೋಸ ಮಾಡುವುದಾದರೂ ಹೇಗೆ?

ಕಂಪ್ಯೂಟರ್ ಬಂತು ನೋಡಿ, ಕೆಟ್ಟಿತು. ಗಂಡಿನ ಕಡೆಗೆ ಕಳಿಸೋ ಫೋಟೊ, ಒಸಿ ಬೆಳ್ಳಗೆ ಮಾಡಿ ಸಾ ಅಂದರು, ಮಾಡಿದ. ಮದುವೆಗೆ ಬಾರದೆ ಮುನಿಸಿಕೊಂಡಿದ್ದ ಸೋದರಮಾವನನ್ನು ಗುಂಪಿನಲ್ಲಿ ನಿಲ್ಲಿಸು ಅಂದರು, ನಿಲ್ಲಿಸಿದ. ಇವನು ಒಲ್ಲೆ ಅಂದರೆ ಎದುರು ಅಂಗಡಿಯವನು ಮಾಡಿಕೊಡುತ್ತಿದ್ದ. ಹೊಟ್ಟೆ ಕೇಳಬೇಕಲ್ಲ!

ಹೀಗಿರುವಾಗ ಎರಡು ಸಾವಿರದ ಆರರಲ್ಲಿ, ಹತ್ತಿರದ ಹದಿನಾರು ಎಂಬ ಊರಿನ ಪುಟ್ಟಬಸವಯ್ಯನ ಹೆಂಡತಿ ಚನ್ನಬಸಮ್ಮ ತೀರಿಕೊಂಡಳು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಹೂವು ಮುಡಿಸಿ, ಗೋಡೆಗೊರಗಿಸಿ ಕೂರಿಸುತ್ತಾರೆ. ಜಗಲಿಯ ಮೇಲೆ ಹಾಗೆ ಕೂತಿದ್ದ ಆಕೆಯ ಫೋಟೊವನ್ನು ನಟರಾಜ್ ತೆಗೆದ. ಬದುಕಿದ್ದಾಗ ಕ್ಯಾಮೆರಾ ಕಂಡರೆ ಸೆರಗೆಳೆದುಕೊಂಡು ಒಳಗೋಡುತ್ತಿದ್ದವಳು ಆಕೆ. ವೋಟಿನ ಕಾರ್ಡಿನಲ್ಲಿದ್ದ ಮುಖವೋ, ಮಸಿ ಬಳಿದ ಹಾಗಿತ್ತು. ಪುಟ್ಟಬಸವಯ್ಯನ ಪಾಲಿಗೆ ಹೆಂಡತಿಯ ಮುಖ ಅಂತ ಉಳಿದದ್ದು ಇದೊಂದೇ.

"ಕಣ್ ಬುಡ್ಸಿ ಕೊಡಪ್ಪ," ಎಂದ ಮುದುಕ. "ಸತ್ತೋಳ್ನ ದಿನಾ ಎದ್ದು ನೋಡಕಾಯ್ತದಾ?"

ನಟರಾಜ್‌ಗೆ ಅಯ್ಯೋ ಅನ್ನಿಸಿತು. ತನ್ನ ಕಟ್ಟಳೆ ಅವನಿಗೆ ನೆನಪೂ ಆಗಲಿಲ್ಲ. ಇನ್ನಾರೋ ಹೆಂಗಸಿನ ಫೋಟೊದಿಂದ ಕಣ್ಣು ಕಿತ್ತು ಚನ್ನಬಸಮ್ಮನಿಗೆ ಕೂರಿಸಿದ. ಕೆನ್ನೆ ತುಂಬಿದ, ತುಟಿಗೆ ಒಂದಿಷ್ಟು ನಗು ತಂದ.

ಪುಟ್ಟಬಸವಯ್ಯ ಫೋಟೊವನ್ನು ಬೆಳಕಿಗೆ ಹಿಡಿದ. "ಯಾರಪ್ಪ ಈಯಮ್ಮ?"

"ನಿಮ್ಮೋರೇ ಕಣ್ರೀ ಯಜಮಾನ್ರೇ."

"ನಮ್ಮೋಳ ಎಡಗಣ್ಣು ವಾರೆ ಕಣಪ್ಪ. ನನ್ ಜತೆ ಮಾತಾಡೋವಾಗ ಅದು ಬಾಗ್ಲು ಕಡೆ ನೋಡೋದು. ಫೋಟೊ ಅಂದ್ರೆ ಓಡೋಯ್ತಿದ್ದುದು ಅದ್ಕೇ."

ಸರಿ, ವಾರೆ ಮಾಡಿದ. ಜಾಸ್ತಿಯಾಯಿತು ಅಂದ ಮುದುಕ. ಕಡಿಮೆ ಮಾಡಿದರೆ, ಹುಬ್ಬು ಹಿಂಗಿರಲಿಲ್ಲ ಅಂದ. ಸಂತೆಗೆ ಬಂದಾಗಲೆಲ್ಲ ಸ್ಟುಡಿಯೊಗೆ ಬಂದು ಕಂಪ್ಯೂಟರ್ ಮುಂದೆ ಕೂರುವುದು ಅವನಿಗೆ ರೂಢಿಯಾಯಿತು. ಬಳೆಗಾರ ಬಳೆ ತೋರಿಸುವ ಹಾಗೆ ನಟರಾಜ್ ಕಣ್ಣು ತೋರಿಸುತ್ತಿದ್ದ. ಮೊದಮೊದಲು ಮುದುಕ ಥಟ್ಟನೆ ಅಲ್ಲ ಅನ್ನುತ್ತಿದ್ದ. ಬರಬರುತ್ತಾ ತಡವರಿಸತೊಡಗಿದ. ಇದೇ ಇರಬೌದೇನೋ ಅಂದು ಹೋದವನು ಮುಂದಿನ ಸಂತೆಗೆ ಬಂದು, ಅಲ್ಲ, ಇದೂ ಅಲ್ಲ ಅನ್ನುತ್ತಿದ್ದ. ನಟರಾಜ್‌ಗೆ ಮೊದಲು ರೇಗಿತು, ಆಮೇಲೆ ಹೆದರಿಕೆಯಾಯಿತು.

ಕಡೆಗೊಂದು ದಿನ ಮುದುಕ ಪರದೆಯ ಕಡೆ ತಿರುಗಲೇ ಇಲ್ಲ. "ಸಾಕು ಬುಡಪ್ಪ. ಮೊದಲ್ನೇ ಫೋಟೊನೇ ಕೊಟ್ಬುಡು, ಕಣ್ ಮುಚ್ಚಿದ್ದು. ಅದ್ರಲ್ಲಾದ್ರೂ ಅವ್ಳಿದ್ಲು."

ನಟರಾಜ್ ಹುಡುಕಿದ. ಎಲ್ಲಿಂದ ಬಂದೀತು? ಕಣ್ಣು ಕೂರಿಸಿದ ದಿನವೇ ಅದನ್ನು ಮೊದಲಿನದರ ಮೇಲೆಯೇ ಸೇವ್ ಮಾಡಿಬಿಟ್ಟಿದ್ದ. ಕ್ಯಾಮೆರಾದ ಕಾರ್ಡನ್ನು ಯಾವುದೋ ಮದುವೆಗೆಂದು ಖಾಲಿ ಮಾಡಿದ್ದ. ನೆಗೆಟಿವ್ ಮೇಲಿನ ಪೆನ್ಸಿಲ್ ಗೀಚನ್ನು ಒರೆಸಿದರೆ ಕೆಳಗೆ ಮೂಲ ಮುಖ ಹಾಗೇ ಇರುತ್ತಿತ್ತು. ಇಪ್ಪತ್ತು ವರ್ಷ ಆ ನಂಬಿಕೆಯಲ್ಲೇ ಕೆಲಸ ಮಾಡಿದ ಕೈ, ಪಾಪ, ಇಲ್ಲೂ ಅದನ್ನೇ ನಂಬಿತ್ತು.

"ತಪ್ಪಾಗೋಯ್ತು ಯಜಮಾನ್ರೇ, ಅದಿಲ್ಲ," ಎಂದ. "ನೀವು ಕಣ್ ಮುಚ್ಚಿ ನೆನೆಸ್ಕಂಡು ಹೇಳಿ. ಇನ್ನೊಂದ್ಸಲ ಮಾಡ್ತೀನಿ."

ಪುಟ್ಟಬಸವಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಮೊದ್ಲು ಕಣ್ ಮುಚ್ಚಿದ್ರೆ ಬರೋಳು ಕಣಪ್ಪ. ಈಗ ನೀನ್ ತೋರ್ಸಿದ ಎಂಗುಸ್ರೆಲ್ಲ ಬತ್ತಾರೆ. ಅವ್ಳೊಬ್ಳು ಬರಕಿಲ್ಲ."