ಒಂಬತ್ತನೇ ನಂಬರಿನ ಸೂಜಿ

ಮಾವಿನಹಣ್ಣಿಗೆ ಸೀಸನ್ ಇದೆ, ಮದುವೆಗೆ ಇದೆ, ಜ್ವರಕ್ಕೂ ಇದೆ. ಮದುವೆ ಸೀಸನ್ ಬರುವ ಮೊದಲೇ ಛತ್ರದವರು ಅಡುಗೆಯವರನ್ನು ಗೊತ್ತು ಮಾಡಿಟ್ಟುಕೊಳ್ಳುತ್ತಾರೆ. ಆಸ್ಪತ್ರೆಯವರು ಮಾತ್ರ ಪ್ರತಿ ಮಳೆಗಾಲದಲ್ಲೂ, ಹೇಳದೆ ಕೇಳದೆ ನೆಂಟರು ಬಂದಿಳಿದ ಹಾಗೆ ಕಣ್ಣುಕಣ್ಣು ಬಿಡುತ್ತಾರೆ.

ಹೋದ ವರ್ಷ ನಮ್ಮೂರು ಹೆಮ್ಮಿಗೆಯಿಂದ ನನ್ನ ಮನೆಗೆ ಬಂದಿದ್ದ ಅವ್ವನಿಗೆ ಜ್ವರ ಹಿಡಿಯಿತು. ನಾನು ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ರಜೆ ಹಾಕಿ ನಂಜನಗೂಡಿನ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದೆ. ಯಾವುದು ಎಂದು ಕೇಳಬೇಡಿ, ಸೀಸನ್ನಿನಲ್ಲಿ ಎಲ್ಲವೂ ಒಂದೇ. ಅವ್ವನಿಗೆ ನೋವಿನ ಇಂಜೆಕ್ಷನ್ ಆಗಿಬರುವುದಿಲ್ಲ. ಹಿಂದೊಮ್ಮೆ ಅದರಿಂದ ಮುಖವೆಲ್ಲ ಊದಿತ್ತು. ಅದನ್ನು ಡಾಕ್ಟರಿಗೂ ನರ್ಸಿಗೂ ಬಾಯಿ ನೋಯುವಷ್ಟು ಸಲ ಹೇಳಿದ್ದೆ. ಇಬ್ಬರೂ ಚೆನ್ನಾಗಿಯೇ ತಲೆಯಾಡಿಸಿದ್ದರು.

ಆ ವಾರ್ಡಿನಲ್ಲಿ ಯಾರಿಗೂ ಹೆಸರಿರಲಿಲ್ಲ. ಗೋಡೆಯ ಮೇಲೆ ಬಳಿದ ನಂಬರೇ ಹೆಸರು. ಅವ್ವ ಏಳನೇ ನಂಬರು. ಮಧ್ಯಾಹ್ನ ಜೋರು ಮಳೆ ಬಂದು ಏಳರ ಮೇಲೆ ಚಾವಣಿ ಸೋರತೊಡಗಿತು. ಆಯಾ ಬಂದು ಅವ್ವನನ್ನು ಎಬ್ಬಿಸಿ, ಒಂಬತ್ತನೇ ನಂಬರಿನ ಮಂಚದಲ್ಲಿದ್ದ ಕಳಲೆ ಊರಿನ ಹೆಂಗಸಿನ ಕಾಲ ಬಳಿ ಮಲಗಿಸಿದಳು. ಏಳನೇ ಮಂಚದ ಮೇಲೆ ಬಕೆಟ್ ಅಡ್ಮಿಟ್ ಆಯಿತು.

ಅವ್ವನಿಗೆ ಜಾಗದ ಚಿಂತೆ ಇರಲಿಲ್ಲ. ಅವಳ ಸಂಕಟವೇ ಬೇರೆ.

"ಈವಮ್ಮಂಗೆ ಬೆಳಗ್ಗಿಂದ ಎಲ್ಡು ಸೂಜಿ ಆಯ್ತು. ನಂಗೆ ಬರೀ ಮಾತ್ರೆ. ಡಾಕ್ಟ್ರಿಗೆ ನೀನು ಸರ್ಯಾಗಿ ಯೋಳಿಲ್ವೇನ್ಲಾ?"

ನಮ್ಮ ಕಡೆ ಸೂಜಿ ಚುಚ್ಚದ ಡಾಕ್ಟರನ್ನು ಡಾಕ್ಟರೆಂದೇ ಒಪ್ಪುವುದಿಲ್ಲ. ಮಾತ್ರೆ ಬರೆದುಕೊಟ್ಟರೆ ಸಾಗಹಾಕಿದರು ಎಂದೇ ಲೆಕ್ಕ. ಅವ್ವನಿಗೆ ಸಮಾಧಾನ ಹೇಳಿ, ರಕ್ತದ ರಿಪೋರ್ಟ್ ತರಲು ಹೊರಗಿನ ಲ್ಯಾಬಿಗೆ ಹೋದೆ.

ನಾನು ಅತ್ತ ಹೋದ ಮೇಲೆ ಕಳಲೆಯ ಹೆಂಗಸು ಬಚ್ಚಲಿಗೆ ಎದ್ದು ಹೋಗಿದ್ದಾರೆ. ಆಗಲೇ ನರ್ಸ್ ಆಕೆಯ ನೋವಿನ ಇಂಜೆಕ್ಷನ್ ಹಿಡಿದು ಬಂದು "ಒಂಬತ್ತು!" ಎಂದಿದ್ದಾಳೆ. ಮಂಚದ ಮೇಲಿದ್ದವಳು ಅವ್ವ ಒಬ್ಬಳೇ. ಕಡೆಗೂ ತನ್ನ ಸರದಿ ಬಂತೆಂದು ರವಿಕೆಯ ತೋಳು ಮೇಲೇರಿಸಿ, ನಗುನಗುತ್ತಾ ಕೈ ಚಾಚಿದ್ದಾಳೆ.

ನಾನು ಬಂದಾಗ ಅವ್ವನ ತುಟಿ, ಕಣ್ಣು ಊದಿಕೊಂಡಿದ್ದವು. ಉಸಿರು ಸುಯ್ಯೆನ್ನುತ್ತಿತ್ತು. ಹೊರರೋಗಿಗಳ ಗುಂಪನ್ನು ತಳ್ಳಿಕೊಂಡು ಹೋಗಿ, ಇದ್ದೊಬ್ಬ ಡಾಕ್ಟರನ್ನು ಕೈ ಹಿಡಿದು ಎಳೆದುಕೊಂಡೇ ಬಂದೆ. ಅವರು ಮತ್ತೆರಡು ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಾಕಿಸಿ, ಉಸಿರು ಹದಕ್ಕೆ ಬರುವವರೆಗೂ ಅಲ್ಲೇ ನಿಂತರು. ಅವ್ವ ಉಳಿದಳು.

ನರ್ಸ್ ಗೋಡೆಗೆ ಒರಗಿ ಅಳುತ್ತಿದ್ದಳು. "ನಂಬರ್ ಕೂಗಿದೆ ಸಾ, ಅವ್ರೇ ಕೈ ಕೊಟ್ರು. ಮೂರು ವಾರ್ಡ್‌ಗೂ ನಾನೊಬ್ಳೇ ಸಾ" ಎಂದಳು. ಬಯ್ಯಲು ಬಾಯಿ ತೆರೆದವನಿಗೆ ಬಯ್ಯಲಾಗಲಿಲ್ಲ.

ಆ ಬೈಗುಳವನ್ನೆಲ್ಲ ಹೊತ್ತುಕೊಂಡು ಆಸ್ಪತ್ರೆಯ ದೊಡ್ಡವರ ಕೋಣೆಗೆ ಹೋದೆ. ಅವರ ಕೋಣೆ ಸೋರುತ್ತಿರಲಿಲ್ಲ. ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು, "ಸೀಸನ್ ಕಣ್ರೀ. ನೀವೂ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು" ಎಂದರು.

"ಸಾ, ಮಂಚ ಅಡ್ಜಸ್ಟ್ ಮಾಡ್ಕೊಂಡಿದ್ದಾಯ್ತು. ಉಸಿರು ಹೆಂಗೆ ಅಡ್ಜಸ್ಟ್ ಮಾಡ್ಕೊಳ್ಳೋದು, ಅದನ್ನೂ ಯೋಳ್ಕೊಟ್ಬುಡಿ" ಎಂದೆ. ಅವರು ಟೀ ತರಿಸಿದರು. ನನ್ನ ಪಾಲಿಗೆ ಸಿಕ್ಕ ವಿಚಾರಣೆ ಅಷ್ಟೇ. ಮಳೆ ನಿಂತ ಮೇಲೆ ಗೋಡೆಗೆ ಸುಣ್ಣ ಹೊಡೆಸಿ, ನಂಬರುಗಳನ್ನು ಇನ್ನೂ ದಪ್ಪವಾಗಿ ಬರೆಸಿದ್ದಾರೆಂದು ಆಮೇಲೆ ಕೇಳಿದೆ.

ಈ ಮಳೆಗಾಲದಲ್ಲಿ ಹೆಮ್ಮಿಗೆಗೆ ಹೋದಾಗ ಅವ್ವ ಹಾಡುಹಗಲೇ ಕಂಬಳಿ ಹೊದ್ದು ಮಲಗಿದ್ದಳು. ಹಣೆ ಮುಟ್ಟಿದರೆ ಸುಡುತ್ತಿತ್ತು. ಯಾಕವ್ವ ಫೋನ್ ಮಾಡಲಿಲ್ಲ ಎಂದು ರೇಗಿದೆ.

"ಈಗ ಸೀಸನ್ನು ಅಲ್ವೇನ್ಲಾ? ಅವ್ರಿಗೂ ಕಷ್ಟ. ಮಳೆ ಕಳೀಲಿ, ಆಮೇಕೆ ಓಗಾನ" ಎಂದಳು.

ಜ್ವರಕ್ಕಿಂತ ಆ ಮಾತಿಗೇ ನನಗೆ ಹೆಚ್ಚು ಹೆದರಿಕೆಯಾಯಿತು. ಆಟೋ ಕರೆಸಿ ಬಲವಂತವಾಗಿ ಎಬ್ಬಿಸಿದೆ. ಅವ್ವ ಹತ್ತಿದಳು. ಕೂತವಳೇ ಸೆರಗು ಎಳೆದುಕೊಂಡು ಎರಡು ತೋಳನ್ನೂ ಮುಚ್ಚಿಕೊಂಡಳು.