ಆರು ಬದಿಯ ಕಾಗದದ ಪೆಟ್ಟಿಗೆ

ಸೊರಬದ ಒಂದು ತರಬೇತಿ ಕೇಂದ್ರದಲ್ಲಿ ನಾನು ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುತ್ತೇನೆ. ಮನೆ ಶಿಕಾರಿಪುರದಲ್ಲಿ, ದಿನಾ ಬಸ್ಸಿನ ಓಡಾಟ. ಈ ಸಂಗತಿ ನಡೆದ ವಾರ ತರಗತಿಯಲ್ಲಿ ಘನವಸ್ತುಗಳ ಮೇಲ್ಮೈ ಬಿಡಿಸುವ ಪಾಠ ನಡೆಯುತ್ತಿತ್ತು. ಒಂದು ಡಬ್ಬಿಯ ಎಲ್ಲ ಮುಖಗಳನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆದು, ಕತ್ತರಿಸಿ ಮಡಚಿದರೆ ಮತ್ತೆ ಅದೇ ಡಬ್ಬಿ ಆಗಬೇಕು. ತಗಡಿನ ಕೆಲಸಕ್ಕೆ ಹೋಗುವವರಿಗೆ ಇದು ಬರಲೇಬೇಕು.

ಪುಸ್ತಕದಲ್ಲಿರುವ ಆಕೃತಿ ಕೊಟ್ಟರೆ ಮೊಬೈಲ್ ನೋಡಿ ಬರೆದುಬಿಡುತ್ತಾರೆ. ಹೊಸದೊಂದು ಕೊಡೋಣವೆಂದು ಬೆಳಗಿನ ಬಸ್ಸಿನಲ್ಲಿ ಕೂತು ಒಂದನ್ನು ಕಟ್ಟಿದೆ. ಗೇಣುದ್ದದ ಪೆಟ್ಟಿಗೆ, ಆರು ಬದಿ. ಎರಡು ಅಗಲ, ನಾಲ್ಕು ಕಿರಿದು. ಮೇಲ್ಭಾಗ ಓರೆ. ಒಂದು ಕಿರಿದಾದ ಬದಿಯಲ್ಲಿ ರೂಪಾಯಿ ಬಿಲ್ಲೆಯಷ್ಟು ದುಂಡು ತೂತು. ಅಳತೆಗಳಿಗಾಗಿ ಯೋಚಿಸಬೇಕಾಗಲೇ ಇಲ್ಲ. ಶಿರಾಳಕೊಪ್ಪ ದಾಟುವಷ್ಟರಲ್ಲಿ ಮುಗಿದಿತ್ತು.

ಹದಿನಾರು ಜನರೂ ಬರೆದು ಮಡಚಿದರು. ಆಗ ಒಬ್ಬ ಎದ್ದು, "ಮೇಡಂ, ಕೊನೇ ಅಂಚಿಗೆ ಅಂಟಿನ ಪಟ್ಟಿನೇ ಇಲ್ಲ" ಎಂದ. ನನ್ನ ಹಾಳೆ ನೋಡಿಕೊಂಡೆ. ನಿಜ. ಇಷ್ಟು ವರ್ಷದಲ್ಲಿ ಎಂದೂ ಮಾಡದ ತಪ್ಪು. "ಹಾಗೇ ಮನೆಗೆ ಒಯ್ಯಿರಿ, ಆಮೇಲೆ ಸರಿಮಾಡೋಣ" ಎಂದೆ. ಎಲ್ಲರ ಪೆಟ್ಟಿಗೆಯಲ್ಲೂ ಒಂದು ಅಂಚು ಬಾಯಿ ಬಿಟ್ಟುಕೊಂಡೇ ಮನೆಗೆ ಹೋಯಿತು.

ಮರುದಿನ ಊಟದ ಬಿಡುವಿನಲ್ಲಿ ಒಬ್ಬ ಹುಡುಗಿ ನನ್ನ ಮೇಜಿನ ಹತ್ತಿರವೇ ನಿಂತಳು. ಶಿರಾಳಕೊಪ್ಪದ ಹತ್ತಿರದ ಹಳ್ಳಿಯವಳು, ಕುರಿ ಸಾಕುವ ಮನೆತನ.

"ಮೇಡಂ, ನೀವು ನಮ್ಮನೆಗೆ ಯಾವಾಗ ಬಂದಿದ್ರಿ?"

"ನಾನೆಲ್ಲಿ ಬಂದೆ?"

"ಹಂಗಾದ್ರೆ ನಮ್ಮ ದೇವರ ಪೆಟ್ಟಿಗೆ ನಿಮಗೆ ಹೆಂಗೆ ಗೊತ್ತು? ಅಜ್ಜಿ ನಾನು ಒಯ್ದ ಕಾಗದದ ಪೆಟ್ಟಿಗೆ ಕೈಯಾಗೆ ಹಿಡ್ಕಂಡು ಕುಂತಾಳ್ರೀ. ರಾತ್ರಿ ಉಂಡಿಲ್ಲ. ನಿಮ್ಮನ್ನ ಕರ್ಕಂಡು ಬಾ ಅಂದಾಳೆ."

ಶನಿವಾರ ಮಧ್ಯಾಹ್ನ ಹೋದೆ. ಕುರಿಗಳು ಮೇಯಲು ಹೋಗಿ ಹಟ್ಟಿ ಖಾಲಿಯಾಗಿತ್ತು. ಅಜ್ಜಿ ಜಗುಲಿಯ ಮೇಲೆ, ಮಡಿಲಲ್ಲಿ ಕಾಗದದ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಮನೆಯವರು ಕುರಿಯ ಜೊತೆ ಊರೂರು ತಿರುಗುತ್ತಿದ್ದರಂತೆ. ಹಿತ್ತಾಳೆಯ ದೇವರ ಪೆಟ್ಟಿಗೆಯೂ ಜೊತೆಗಿರುತ್ತಿತ್ತು. ಆನವಟ್ಟಿಯ ಕಡೆ ಒಂದು ಕೆರೆ ಏರಿಯ ಮೇಲೆ ಇಳಿಸಿ ನೀರು ಕುಡಿದು ಬರುವಷ್ಟರಲ್ಲಿ ಅದು ಇರಲಿಲ್ಲ. ಹುಡುಕಿದರೂ ಸಿಗಲಿಲ್ಲ. ಅದನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದವಳು ಅವಳೊಬ್ಬಳೇ.

ಅಂಟಿಲ್ಲದ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೇಳಿದಳು: "ಈ ಮೂಲೆಗೆ ಬೆಸುಗೆ ಹಾಕಿರ್ಲಿಲ್ಲ. ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಅಜ್ಜಿ. ಮರೆತೆ, ಅಷ್ಟೆ."

ಅವಳು ನನ್ನ ಮುಖವನ್ನೇ ನೋಡಿದಳು. "ಇಂಥವು ಎಷ್ಟು ಮಾಡ್ಸೀರಿ?"

"ನನ್ನದೂ ಸೇರಿ ಹದಿನೇಳು."

"ಹದಿನೇಳು ಮನೆ ಕಟ್ಟಿ ಬಾಗ್ಲು ತೆಗೆದಿಟ್ಟೀರಲ್ಲ ಯವ್ವಾ! ಎಲ್ಲ ವಾಪಸ್ ಇಸ್ಕಳ್ರಿ. ಖಾಲಿ ಇದ್ದಿದ್ದು ಸುಟ್ಟುಬಿಡ್ರಿ."

"ಖಾಲಿ ಇಲ್ಲದ್ದು?"

"ಅದು ನಿಮಗೇ ತಿಳೀತೈತಿ."

ಓದಿದವಳು ನಾನು, ನಗಬಹುದಿತ್ತು. ನಗು ಬರಲಿಲ್ಲ. ಸೋಮವಾರ ಎಲ್ಲರಿಂದ ಪೆಟ್ಟಿಗೆ ತರಿಸಿಕೊಂಡೆ. ನನ್ನದೂ ಸೇರಿ ಹದಿನೈದಾಯಿತು. ಅಜ್ಜಿಯ ಬಳಿ ಒಂದಿತ್ತು. ಇನ್ನೊಂದು ಬಾಕಿ. ಅದನ್ನು ಮಾಡಿದ ಹುಡುಗ ಆನವಟ್ಟಿಯವನು, ಅಂದು ತರಗತಿಗೇ ಬಂದಿರಲಿಲ್ಲ. ಪಾಠ ಮುಗಿಸಿ, ಬಂದ ಪೆಟ್ಟಿಗೆಗಳನ್ನು ಅಜ್ಜಿಯ ಮೊಮ್ಮಗಳ ಕೈಯಲ್ಲಿ ಅವಳ ಮನೆಗೆ ಕಳಿಸಿ, ಆನವಟ್ಟಿಯ ಬಸ್ಸು ಹತ್ತಿದೆ.

ಅವನಿಗೆ ಜ್ವರ, ಮಲಗಿದ್ದ. ಪೆಟ್ಟಿಗೆ ಅಡುಗೆಮನೆಯ ಕಿಟಕಿಯಲ್ಲಿತ್ತು, ಎಲ್ಲ ಕಡೆ ಮುಚ್ಚಿಕೊಂಡು.

"ಗಮ್ ಹಾಕಿದೆಯಾ?"

"ಇಲ್ಲ ಮೇಡಂ, ನಾನು ಮುಟ್ಟೇ ಇಲ್ಲ."

ಅವನ ತಾಯಿಯೂ ಯಾರೂ ಮುಟ್ಟಿಲ್ಲವೆಂದರು. ಅಂಚಿಗೆ ಉಗುರು ತೂರಿಸಲು ನೋಡಿದೆ, ಹೋಗಲಿಲ್ಲ. ತೂತಿನ ಬಳಿ ಬೆರಳು ಇಟ್ಟರೆ ಬೆಚ್ಚಗಿತ್ತು. ಕಿಟಕಿಯ ಬಿಸಿಲಿಗೆ ಇರಬೇಕು ಅಂದುಕೊಂಡೆ. ಆದರೆ ಆ ಕಿಟಕಿ ಉತ್ತರಕ್ಕೆ ಇತ್ತು, ಬಿಸಿಲು ಬೀಳುವ ಜಾಗವಲ್ಲ. ಒಳಗೆ ನೋಡಲೆಂದು ಕಣ್ಣಿನ ಹತ್ತಿರ ತಂದವಳು ಹಾಗೇ ಕೆಳಗಿಳಿಸಿದೆ.

ಬಸ್ಸಿನಲ್ಲಿ ಅದನ್ನು ಬಟ್ಟೆ ಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ಹೊತ್ತು ಚೀಲವನ್ನೇ ನೋಡಿ, "ಏನ್ರೀ ಅದರಾಗೆ, ಬೆಕ್ಕಿನ ಮರಿಯಾ?" ಎಂದು ಕೇಳಿದಳು.

"ಇಲ್ಲ, ಕಾಗದ."

"ಉಸಿರಾಡಿದಂಗಾತು" ಎಂದವಳು ಎದ್ದು ಮುಂದಿನ ಸೀಟಿಗೆ ಹೋದಳು.

ಸಂಜೆಯ ಬೆಳಕಿರುವಾಗಲೇ ಅಜ್ಜಿಯ ಮನೆ ಮುಟ್ಟಿದೆ. ಅವಳು ಸೆರಗು ಒಡ್ಡಿ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು. "ಬಂತು ಬಿಡ್ರೀ" ಎಂದಳು, ಅಷ್ಟೆ. ಅಳಲಿಲ್ಲ. ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಹೊರಗೆ ನಾನೂ ಮೊಮ್ಮಗಳೂ ಉಳಿದ ಪೆಟ್ಟಿಗೆಗಳನ್ನು ನೀರೊಲೆಗೆ ಹಾಕಿದೆವು. ಅವು ಕಾಗದ ಉರಿಯುವ ಹಾಗೆ ಉರಿದವು. ಆನವಟ್ಟಿಯ ಹುಡುಗನ ಜ್ವರ ಆ ಸಂಜೆಯೇ ಬಿಟ್ಟಿತಂತೆ. ಜ್ವರ ಎಂದಾದರೂ ಬಿಡಲೇಬೇಕಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ.

ಹುಡುಗಿ ಒಳ್ಳೆಯ ಅಂಕ ಪಡೆದು ಪಾಸಾದಳು. ಈಗ ಶಿರಾಳಕೊಪ್ಪದ ಒಂದು ವರ್ಕ್‌ಶಾಪಿನಲ್ಲಿ ತಗಡಿಗೆ ಗುರುತು ಹಾಕುವ ಕೆಲಸ ಮಾಡುತ್ತಾಳೆ. ಈಚೆಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅಜ್ಜಿಯ ಆರೋಗ್ಯ ಕೇಳಿದೆ.

"ಗಟ್ಟಿ ಅದಾಳ್ರೀ. ಪ್ರತಿ ಅಮಾಸೆಗೂ ಎಡೆ ಇಡ್ತಾಳೆ." ತಡೆದು ತಡೆದು ಹೇಳಿದಳು: "ನಿಮಗೂ ಒಂದು ಎಲೆ ಹಾಕ್ತಾಳೆ ಮೇಡಂ. ದೇವ್ರಿಗೆ ಮನೆ ಕಟ್ಟಿಕೊಟ್ಟೋರದ್ದು ಒಂದು ಪಾಲು ಅಂತಾಳೆ. ಹೋದೋರ ಸಾಲಿನಾಗೆ ಇಡ್ತಾಳ್ರೀ. ಬ್ಯಾಡ ಅಂದ್ರೂ ಕೇಳಲ್ಲ."

ಬದುಕಿರುವವರಿಗೆ ಯಾರೂ ಹಾಗೆ ಎಡೆ ಇಡುವುದಿಲ್ಲ. ಅವಳಿಗೂ ಅದು ಗೊತ್ತು, ನನಗೂ ಗೊತ್ತು.

"ಏನು ಬಡಿಸ್ತಾರೆ?" ಎಂದಷ್ಟೇ ಕೇಳಿದೆ.

"ಅನ್ನ, ಹುರುಳಿ ಸಾರು."

ಅವಳ ಬಸ್ಸು ಬಂತು, ಹತ್ತಿ ಹೋದಳು. ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಅಮಾವಾಸ್ಯೆಯ ದಿನ ಮಧ್ಯಾಹ್ನ ನನಗೆ ಹಸಿವಾಗುವುದಿಲ್ಲ, ತಂದ ಡಬ್ಬಿ ತುಂಬಿದ ಹಾಗೇ ಮನೆಗೆ ವಾಪಸ್ಸಾಗುತ್ತದೆ. ಇದು ಯಾವಾಗಿನಿಂದ ಹೀಗೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.