ಬಂಗಡಿ ಅಂದರು, ಬಂಗಡೆ ಸುರಿದರು

ಮೀನಿನ ವಾಸನೆ ಮೂಗಿಗೆ ಬಡಿದರೆ ನಾನು ಇಂದಿಗೂ ಸೆರಗಿನಿಂದ ಮೂಗು ಮುಚ್ಚುತ್ತೇನೆ. ನಾವು ಜಹೀರಾಬಾದಿನ ಲಿಂಗಾಯತರು. ನಮ್ಮ ಓಣಿಯಲ್ಲಿ ಮೊಟ್ಟೆ ತಿಂದವರನ್ನೇ ಬೆರಳು ಮಾಡಿ ತೋರಿಸುತ್ತಾರೆ. ಅಂಥ ಮನೆಯ ನನ್ನ ಮಗಳು, ಬ್ಯಾಂಕ್ ಕೆಲಸಕ್ಕೆಂದು ಕಾರವಾರಕ್ಕೆ ಹೋದವಳು, ಮೀನು ಹಿಡಿಯುವವರ ಹುಡುಗನನ್ನು ಮೆಚ್ಚಿ ಕೂತಳು. "ಒಮ್ಮೆ ಬಂದು ಮಂದೀನ ನೋಡು. ನೀ ಒಲ್ಲೆ ಅಂದ್ರ ಬಿಡ್ತೀನವ್ವ" ಎಂದಳು. ಒಲ್ಲೆ ಎನ್ನುವುದಕ್ಕೇ ಹೋದೆ.

ಹುಡುಗನ ತಾಯಿ, "ಬೆಳಿಗ್ಗೆ ದೋಣಿಯಲ್ಲಿ ಹೋಗುವ, ಬಂಗಡೆ ಬಂದಿದೆಯಂತೆ. ನಿಮ್ಮ ಕೈಗೇ ಕೊಡ್ತೇನೆ" ಎಂದರು. ಹಿಂದಿ, ಮರಾಠಿ ಬೆರೆತ ನಮ್ಮ ಬಜಾರಿನಲ್ಲಿ ಬಂಗಡಿ ಎಂದರೆ ಬಳೆ. ಕೊಲ್ಲಿಯಾಚೆ ಬಳೆಗಾರರ ಊರಿರಬೇಕು, ನನಗೆ ಬಳೆ ತೊಡಿಸಿ ಸಂಬಂಧ ಗಟ್ಟಿ ಮಾಡುವ ಹೂಟ ಇದು ಎಂದುಕೊಂಡೆ. ಇನ್ನೊಂದಕ್ಕೂ ಜಾಗವಿರಬಾರದೆಂದು ಬೇಕೆಂದೇ ಎರಡೂ ಕೈ ತುಂಬ ಬಳೆ ಏರಿಸಿ, ಇಳಕಲ್ ಸೀರೆ ಉಟ್ಟು ಮಗಳ ಜೊತೆ ದೋಣಿ ಹತ್ತಿದೆ.

ಕೊಲ್ಲಿಯ ನಡುವೆ ಒಂದೆಡೆ ನೀರು ಕಪ್ಪಾಗಿ ಕುದಿಯತೊಡಗಿತು. ಮೀನಿನ ಹಿಂಡು. ದೋಣಿಯವರು ಬಲೆ ಎಳೆದು ಒಳಗೇ ಸುರಿದರು. ಪಾದದ ಮೇಲೆ, ನೆರಿಗೆಯೊಳಗೆ, ಥೂ, ಎಲ್ಲೆಲ್ಲೂ ಲೋಳೆ! ಕೊರಳಿನ ಲಿಂಗವನ್ನು ಸೆರಗಿನಿಂದ ಮುಚ್ಚಿ ಹಿಡಿದೆ.

"ಬಂಗಡಿ ಎಲ್ಲಿ ಅದಾವ್ರಿ?" ಎಂದೆ.

ಹುಡುಗನ ತಾಯಿ ಒಂದು ಮೀನನ್ನು ಬಾಲ ಹಿಡಿದು ಎತ್ತಿ, "ಇದೇ ಅಲ್ವಾ?" ಎಂದರು. ಮಗಳು ಬಿದ್ದು ಬಿದ್ದು ನಕ್ಕಳು.

ಅಷ್ಟರಲ್ಲಿ ಡಾಲ್ಫಿನ್‌ಗಳು ಬಂದವು. ಟಿವಿಯಲ್ಲಿ ಮುದ್ದು ಮುದ್ದಾಗಿ ಕುಣಿಯುವ ಪ್ರಾಣಿ ಇಲ್ಲಿ ಹಿಂಡನ್ನು ಸುತ್ತುಗಟ್ಟಿ ಗಬಗಬ ನುಂಗುತ್ತಿತ್ತು. ಒಂದಂತೂ ದೋಣಿಯ ಪಕ್ಕದಲ್ಲೇ ಎದ್ದು ಬುಸ್ಸೆಂದು ಉಸಿರು ಬಿಟ್ಟಿತು. ತುಂತುರು ನನ್ನ ಮುಖಕ್ಕೇ ಹಾರಿತು, ಅದಕ್ಕೂ ಅದೇ ನಾತ. ಬಾಗಿ ವಾಂತಿ ಮಾಡಿಕೊಂಡೆ. ಬೆನ್ನು ಸವರಲು ಬಂದ ಮಗಳ ಕೈಗೆ ಮೀನಿನ ಹುರುಪೆ ಅಂಟಿತ್ತು.

"ನೀನೂ ತಿಂತೀಯೇನ ಇದನ್ನ?"

"ತಿಂತೀನವ್ವ. ರುಚಿ ಇರ್ತಾವ."

ಆ ಗಳಿಗೆ ಹೆತ್ತ ಮಗಳ ಮೇಲೂ ನನಗೆ ಹೇಸಿಗೆ ಹುಟ್ಟಿತು. ಅವಳ ಕೈ ತಳ್ಳಿದೆ.

ಸಂಜೆ ಹುಡುಗನ ತಾಯಿ ಮಗಳ ಬಾಡಿಗೆ ಮನೆಗೆ ಬಂದರು. ನನ್ನ ತಪ್ಪು ತಿಳುವಳಿಕೆಯನ್ನು ಮಗಳು ಹೇಳಿದ್ದಳಂತೆ. ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಒಳಗೆ ಬರದೆ ಹೊಸ್ತಿಲಾಚೆಯೇ ನಿಂತು, "ಕೈಯನ್ನು ಸಾಬೂನು ಹಾಕಿ ತೊಳೆದೆ. ಆದರೂ ವಾಸನೆ ಪೂರ್ತಿ ಹೋಗೂದಿಲ್ಲ" ಎಂದರು. ಮಗಳು ಗೋಡೆಗೆ ಒರಗಿ, ತುಟಿ ಕಚ್ಚಿ, ನನ್ನನ್ನೇ ನೋಡುತ್ತಿದ್ದಳು.

ಒಲ್ಲೆ ಎನ್ನಲು ಬಾಯಿ ತೆರೆದೆ. ಬಾಯಿ ತೆರೆದದ್ದೇ ತಪ್ಪಾಯಿತು. ವಾಸನೆ ಒಳಗೇ ಇಳಿಯಿತು. ಮುಚ್ಚಿಕೊಂಡೆ. ಬರಿಗೈ ಆಗಬಾರದೆಂದು ಒಂದನ್ನು ಮಾತ್ರ ಉಳಿಸಿ, ಬಲಗೈಯ ಬಳೆಗಳನ್ನೆಲ್ಲ ಕಳಚಿಟ್ಟೆ. ಆಮೇಲೆ ಉಸಿರು ಬಿಗಿಹಿಡಿದು, ಮುಖ ಆ ಕಡೆ ತಿರುಗಿಸಿ, ಕೈ ಈ ಕಡೆ ಚಾಚಿದೆ.